ನರ್ಸಬಾಯಿಯ ಹಸೆಮಣೆ

ನಾನು ಯಾವ ಕೆಲಸವನ್ನು ಎಷ್ಟೇ ಗಂಭೀರವಾಗಿ ಶುರು ಮಾಡಲಿ, ಅದು ಮುಗಿಯುವ ಹೊತ್ತಿಗೆ ಯಾರಾದರೊಬ್ಬರು ಹೊಟ್ಟೆ ಹಿಡಿದುಕೊಂಡು ನಗುತ್ತಿರುತ್ತಾರೆ. ಆಸ್ಪತ್ರೆಯಲ್ಲಿದ್ದಾಗಲೂ ಹೀಗೇ ಇತ್ತು, ನಿವೃತ್ತಿಯಾದ ಮೇಲೂ ಹೀಗೇ ಇದೆ. ವ್ಯತ್ಯಾಸ ಇಷ್ಟೇ. ಆಗ ನನ್ನ ಕೈಯಲ್ಲಿ ಸಿರಿಂಜು ಇರುತ್ತಿತ್ತು, ನಗುವವರು ಬೇಗ ಬಾಯಿ ಮುಚ್ಚುತ್ತಿದ್ದರು. ಈಗ ಉಳಿ ಇರುತ್ತದೆ, ಆದರೂ ಯಾರೂ ಹೆದರುವುದಿಲ್ಲ.

ಸಿದ್ದಾಪುರದ ಕಡೆ ನರ್ಸಾಗಿ ದುಡಿದು, ಈಗ ಶಿರಸಿಯಲ್ಲಿ ಗಂಡನ ಜೊತೆ ಇದ್ದೇನೆ. ಊರವರ ಬಾಯಲ್ಲಿ ನಾನು ಇಂದಿಗೂ ನರ್ಸಬಾಯಿ. ನಿವೃತ್ತಿಯಾದ ಹೊಸದರಲ್ಲಿ ಹಳೇ ಪುಸ್ತಕ ಮಾರುವವನ ಹತ್ತಿರ ಮರಗೆಲಸ ಕಲಿಸುವ ದಪ್ಪದೊಂದು ಇಂಗ್ಲಿಷ್ ಪುಸ್ತಕ ಕಣ್ಣಿಗೆ ಬಿತ್ತು. ಪುಟಪುಟಕ್ಕೂ ಬಣ್ಣದ ಚಿತ್ರ, ಯಾವ ಕೈ ಎಲ್ಲಿಡಬೇಕು, ಬೆರಳು ಎಲ್ಲಿಡಬಾರದು ಎಂದೆಲ್ಲ ಬಾಣದ ಗುರುತು. ನನಗೆ ಆ ಪುಸ್ತಕ ನೋಡಿ ಆಸೆ ಹುಟ್ಟಿತು. ಆಯುಷ್ಯವಿಡೀ ಮನುಷ್ಯರನ್ನು ರಿಪೇರಿ ಮಾಡಿದವಳು ನಾನು. ಮರವಾದರೆ "ನಿಧಾನ ಸಿಸ್ಟರ್, ನೋವಾಗ್ತದೆ" ಅನ್ನುವುದಿಲ್ಲವಲ್ಲ!

ಸುಮ್ಮನೆ ಸ್ಟೂಲು ಗೀಲು ಮಾಡಿಕೊಂಡು ಇರುತ್ತಿದ್ದೆನೋ ಏನೋ. ಅಷ್ಟರಲ್ಲಿ ಯಲ್ಲಾಪುರದಿಂದ ಅಕ್ಕನ ಫೋನು ಬಂತು. ಅವಳ ಮಗಳ ಮದುವೆ ನಿಶ್ಚಯವಾಗಿತ್ತು. ಮನೆತನದ ಹಳೇ ಹಸೆಮಣೆಯನ್ನು ಅಟ್ಟದಿಂದ ಇಳಿಸಿದರೆ ಒರಲೆ ಹುಳು ತಿಂದು ಮೇಲಿನ ಸಿಪ್ಪೆ ಮಾತ್ರ ಉಳಿದಿತ್ತಂತೆ. ಅಕ್ಕನ ಗಂಡ, ಅಂದರೆ ನನ್ನ ಭಾವ, "ಹೋದ್ರೆ ಹೋತು, ಹಾಲ್‌ನಲ್ಲಿ ಕೆಂಪು ಸೋಫಾ ಇದ್ದಲ, ಕೂಸನ್ನ ಅದ್ರ ಮೇಲೆ ಕೂರ್ಸನ" ಎಂದರಂತೆ. ನಮ್ಮ ಕಡೆ ಮದುವೆಗೆ ಬಂದ ಮಗಳೂ ಕೂಸೇ.

"ನಮ್ಮನೆ ಕೂಸು ಸೋಫಾ ಮೇಲೆ ಮದುವೆ ಆಗವ್ವನೆ ತಂಗಿ?" ಎಂದು ಅಕ್ಕ ಫೋನಿನಲ್ಲೇ ಅತ್ತಳು.

ನಾನು ನರ್ಸಿಂಗ್ ಓದುತ್ತೇನೆ ಎಂದಾಗ ಮನೆಯಲ್ಲಿ ನನ್ನ ಪರ ನಿಂತವಳು ಈ ಅಕ್ಕ ಒಬ್ಬಳೇ. ಅವಳು ಅತ್ತರೆ ನನಗೆ ತಡೆಯುವುದಿಲ್ಲ. ಬಾಯಿಗೆ ಬಂದದ್ದು ಬಂದೇ ಬಿಟ್ಟಿತು: "ಅಳಡ. ಮಣೆ ಆನು ಮಾಡ್ತೆ."

ಫೋನು ಭಾವನ ಕೈಗೆ ಹೋಯಿತು. ಭಾವ ಎಂಥವರೆಂದರೆ, ಅವರು ಜೀಪಿನ ಮುಂದಿನ ಸೀಟಿಗೆ ಹತ್ತಿದ್ದು ಹಿಂದಿನ ಸೀಟಿನವರಿಗೂ ಗೊತ್ತಾಗುತ್ತದೆ. ಅವರು ನಕ್ಕ ನಗುವಿಗೆ ನನ್ನ ಫೋನು ನಡುಗಿತು. "ಪುಸ್ತಕ ಓದಿ ಹಸೆಮಣೆನಾ? ಆಗಲಿ ತಂಗಿ. ಆದ್ರೆ ಕೂಸು ಕೂರದ್ರ ಒಳಗೆ ಮೊದ್ಲು ಆನು ಅದ್ರ ಮೇಲೆ ಕೂತು ನೋಡ್ತೆ. ಕಿರ್ ಹೇಳಿ ಒಂದು ಶಬ್ದ ಬಂದ್ರೂ ಸಾಕು, ಕೂಸು ಸೋಫಾ ಮೇಲೇಯ!"

ಅಲ್ಲಿಗೆ ಅದು ಹವ್ಯಾಸವಾಗಿ ಉಳಿಯಲಿಲ್ಲ. ಅಕ್ಕನ ಆಸೆ ಒಂದು ಕಡೆ, ನನ್ನ ಮರ್ಯಾದೆ ಇನ್ನೊಂದು ಕಡೆ. ನಡುವೆ ಭಾವನ ಆ ದೇಹ.

ಉಳಿಯ ಕಷಾಯ

ಪುಸ್ತಕದ ಮೊದಲನೇ ಅಧ್ಯಾಯದಲ್ಲೇ, ಉಪಕರಣ ಶುಚಿಯಾಗಿರಬೇಕು ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಸಂತೆಯಲ್ಲಿ ಹಳೇ ಕಬ್ಬಿಣದವನ ಹತ್ತಿರ ತಂದ ಉಳಿಗಳೆಲ್ಲ ತುಕ್ಕು ಹಿಡಿದಿದ್ದವು. ಶುಚಿ ಎಂದರೆ ನರ್ಸಾದವಳಿಗೆ ಒಂದೇ ಅರ್ಥ ಗೊತ್ತಿರುವುದು. ದೊಡ್ಡ ಪಾತ್ರೆಯಲ್ಲಿ ನೀರು, ಸೋಡಾಪುಡಿ ಹಾಕಿ, ಉಳಿಗಳನ್ನೆಲ್ಲ ಹಿಡಿಕೆ ಸಮೇತ ಮುಳುಗಿಸಿ ಒಲೆಯ ಮೇಲಿಟ್ಟೆ. ಚೆನ್ನಾಗಿ ಕೊತಕೊತ ಕುದಿಯಿತು.

ಯಜಮಾನರು ಮೂಗರಳಿಸಿಕೊಂಡು ಅಡುಗೆಮನೆಗೆ ಬಂದರು. "ಎಂತ ಕಷಾಯನೆ ಇದು? ವಾಸನೆ ಬೇರೆ ನಮೂನೆ ಇದ್ದು."

"ಉಳಿ ಕುದಿಸ್ತಾ ಇದ್ದೆ."

ಅವರು ಮುಚ್ಚಳ ತೆಗೆದು ನೋಡಿದರು. ಒಂದು ಉಳಿಯನ್ನು ಇಕ್ಕಳದಲ್ಲಿ ಎತ್ತಿದರು. ಹಿಡಿಕೆ ಕಳಚಿ ಪಾತ್ರೆಯೊಳಗೆ ಬಿತ್ತು. ಇನ್ನೊಂದನ್ನು ಎತ್ತಿದರು, ಅದೂ ಹಾಗೇ. "ಸಮಾ ಬೆಂಜು ಮಾರಾಯ್ತಿ" ಎಂದು ಮುಚ್ಚಳ ಮುಚ್ಚಿ ಹೋದರು.

ನಾನೇನು ಸೋಲುವವಳೇ? ಹಿತ್ತಲ ಪೇರಲೆ ಗಿಡದ ಕೊಂಬೆ ಕಡಿದು, ಪುಸ್ತಕ ಎದುರಿಗಿಟ್ಟುಕೊಂಡು, ಎಲ್ಲ ಉಳಿಗಳಿಗೂ ಹೊಸ ಹಿಡಿಕೆ ಕೆತ್ತಿದೆ. ನನ್ನ ಕೈಯಿಂದ ಹುಟ್ಟಿದ ಮೊದಲ ಸಾಮಾನು ಅವು. ಇವತ್ತಿಗೂ ಒಂದಾದರೂ ಅಲುಗಾಡಿದ್ದಿಲ್ಲ. ಆಪರೇಷನ್ನಿಗೆ ಜೋಡಿಸುವ ಹಾಗೆ ಸ್ಟೀಲ್ ಟ್ರೇಯಲ್ಲಿ ಬಿಳಿ ಬಟ್ಟೆ ಹಾಸಿ, ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಜೋಡಿಸಿದೆ. ಯಜಮಾನರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, "ಆನು ಕೆಲಸದಿಂದ ಕಣ್ಣು ತೆಗೀತಿಲ್ಲೆ. ಕೈ ಚಾಚಿದ ಕೂಡಲೆ ಬೇಕಾದ್ದು ಕೈಗೆ ಬರವು" ಎಂದು ಹೇಳಿಕೊಟ್ಟೆ.

ಹಲಗೆಯ ಮೇಲೆ ಬಗ್ಗಿ, ದೊಡ್ಡ ಡಾಕ್ಟರ ಹಾಗೆ ಗತ್ತಿನಿಂದ ಬಲಗೈ ಹಿಂದೆ ಚಾಚಿದೆ. ಕೈಗೆ ಮೆತ್ತಗೆ ಏನೋ ಬಂತು. ನೋಡಿದರೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು, ಚೆಂದವಾಗಿ ಮಡಿಚಿದ ವೀಳ್ಯದೆಲೆ! ನಮ್ಮ ಕಡೆ ಮುಖ ನೋಡದೆ ಕೈ ಚಾಚಿದರೆ ಕವಳ ಕೇಳಿದರೆಂದೇ ಲೆಕ್ಕ. ಅವರ ತಪ್ಪೂ ಅಲ್ಲ. ಬೈಯಬೇಕೆಂದುಕೊಂಡೆ, ಆದರೆ ಅಷ್ಟರಲ್ಲಿ ಕವಳ ಬಾಯಿಗೆ ಹೋಗಿತ್ತು, ಮಾತು ಹೊರಡಲಿಲ್ಲ.

ಗ್ರಂಥಕರ್ತನ ಸಂಗಡ ವಾದ

ಇಂಗ್ಲಿಷಿನಲ್ಲಿದ್ದದ್ದನ್ನು ಕನ್ನಡದಲ್ಲಿ ಹೇಳುತ್ತ ಹೋಗುವ ಕೆಲಸವೂ ಯಜಮಾನರದ್ದೇ. ಅವರು ಹೈಸ್ಕೂಲು ಮೇಷ್ಟ್ರಾಗಿದ್ದವರು. ಅದಕ್ಕಿಂತ ಹೆಚ್ಚಾಗಿ ತಾಳಮದ್ದಲೆಯ ಅರ್ಥಧಾರಿ. ವೇಷವಿಲ್ಲದೆ, ಚಾಪೆಯ ಮೇಲೆ ಕೂತು ಬರೀ ಮಾತಿನಲ್ಲೇ ಎದುರಾಳಿಯನ್ನು ಸೋಲಿಸುವುದು ಅವರ ಚಟ. ಎದುರಿಗೆ ಯಾರೇ ಮಾತಾಡಿದರೂ ಅದಕ್ಕೊಂದು ಪ್ರತಿವಾದ ಹೂಡದಿದ್ದರೆ ಅವರಿಗೆ ಊಟ ಸೇರುವುದಿಲ್ಲ.

ಆ ದಿನ ಎರಡು ಹಲಗೆಗಳನ್ನು ಅಂಟು ಹಚ್ಚಿ ಜೋಡಿಸುವ ಪಾಠ. ನಾನು ಅಂಟು ಹಚ್ಚಿ, ಎರಡನ್ನೂ ಕೂಡಿಸಿ, ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡೆ. "ಹಚ್ಚಿ ಆತು. ಮುಂದೆ ಎಂತ ಬರದ್ದ?"

"ಒಂದು ಹಗಲು, ಒಂದು ರಾತ್ರಿ ಅಲುಗಾಡಿಸದೆ ಬಿಡಬೇಕು ಹೇಳಿ ಬರದ್ದ" ಎಂದರು. ಓದಿ ಮುಂದೆ ಹೋಗಬೇಕಿತ್ತು. ಆದರೆ ಹೋಗಲಿಲ್ಲ. ಪುಸ್ತಕವನ್ನು ತುಸು ದೂರ ಹಿಡಿದರು, ಹುಬ್ಬು ಮೇಲೆ ಹೋಯಿತು, ಸ್ವರ ದಪ್ಪವಾಯಿತು.

"ಭಲಾ, ಗ್ರಂಥಕರ್ತನೇ! ಒಂದು ಅಹೋರಾತ್ರಿ ಕಾಯಬೇಕೆಂದು ಅಪ್ಪಣೆ ಕೊಡುವ ನೀನು ಕಾಯುವವರ ಅವಸ್ಥೆಯನ್ನು ಯೋಚಿಸಿದ್ದೀಯಾ? ನಿನ್ನ ಚಿತ್ರದಲ್ಲಿರುವ ಆ ಗ್ಯಾರೇಜು ನಮ್ಮ ಇಡೀ ಮನೆಗಿಂತ ದೊಡ್ಡದು. ಅಲ್ಲಿ ಹಲಗೆ ಇಟ್ಟರೆ ದಾಟುವವರಿಲ್ಲ. ಇಲ್ಲಿಯೋ? ಈ ಹಲಗೆ ಇರುವುದು ನಾನು ನಿತ್ಯ ಊಟಕ್ಕೆ ಕೂರುವ ಜಾಗದಲ್ಲಿ. ಹಸಿದವನನ್ನು ಎಬ್ಬಿಸಿ ಮರವನ್ನು ಕೂರಿಸುವುದು ಯಾವ ಶಾಸ್ತ್ರ?"

"ಮುಂದೆ ಓದಿ" ಎಂದೆ.

"ಇರು. ಅವ ಉತ್ತರ ಕೊಡವು."

ಗ್ರಂಥಕರ್ತನ ಪರವಾಗಿಯೂ ಇವರೇ ಉತ್ತರ ಕೊಟ್ಟರು, ಅದಕ್ಕೆ ಇವರೇ ಮರುಪ್ರಶ್ನೆ ಹಾಕಿದರು. ನಾನು ಹಲಗೆ ಹಿಡಿದುಕೊಂಡೇ ಇದ್ದೆ. ಗ್ರಂಥಕರ್ತ ಕೊನೆಗೂ ಸೋತ. ಇವರು ಜಯದ ಮುಖ ಮಾಡಿಕೊಂಡು ಪುಸ್ತಕಕ್ಕೆ ವಾಪಸು ಬಂದರು. ನಾನು ಕೈ ಬಿಟ್ಟೆ, ಹಲಗೆ ಬೀಳಲಿಲ್ಲ. ಖುಷಿಯಿಂದ ಎದ್ದೆ, ಹಲಗೆಯೂ ನನ್ನ ಸಂಗಡ ಎದ್ದಿತು. ಸೀರೆಯ ಸೆರಗು ಎರಡು ಹಲಗೆಯ ನಡುವೆ ಸಿಕ್ಕಿ ಗಟ್ಟಿಯಾಗಿ ಅಂಟಿಕೊಂಡಿತ್ತು.

ಎಷ್ಟು ಎಳೆದರೂ ಬಿಡಲಿಲ್ಲ. ಹೊಕ್ಕುಳಬಳ್ಳಿ ಕತ್ತರಿಸಿ ಅಭ್ಯಾಸವಿದ್ದ ಕೈ ನನ್ನದು, ಕತ್ತರಿ ತಂದು ಸೆರಗನ್ನೇ ಕತ್ತರಿಸಿದೆ. ಆದರೆ ಒಂದು ಮಾತು ಹೇಳಲೇಬೇಕು. ಆ ಜೋಡಣೆ ಆಮೇಲೆ ಕಲ್ಲಿನ ಮೇಲೆ ಎತ್ತಿ ಹಾಕಿದರೂ ಬಿಡಲಿಲ್ಲ. ಪುಸ್ತಕ ಓದಿ ನಾನು ಕೂಡಿಸಿದ ಮೊದಲ ಎರಡು ಹಲಗೆ ಸಾಯುವವರೆಗೂ ಕೂಡಿಯೇ ಇರುತ್ತವೆ ಎಂದು ಗೊತ್ತಾದಾಗ ನನಗೆ ಕುಣಿಯುವಷ್ಟು ಸಂತೋಷವಾಯಿತು.

ಯಜಮಾನರು ಪುಟ ತಿರುಗಿಸಿದರು. "ಇಲ್ಲಿ ಮುಂದಿನ ಸಾಲು ಭಾರೀ ಚೊಲೋ ಇದ್ದು ನೋಡೆ. ಅಂಟು ಹಚ್ಚುವ ಮೊದಲು ಜೋಲಾಡುವ ಬಟ್ಟೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಿ ಹೇಳಿ ಬರದ್ದ."

ವಾರೆ ಮಣೆ

ದೊಡ್ಡ ಮಣೆಗೆ ಕೈ ಹಾಕುವ ಮೊದಲು ಸಣ್ಣ ಮಣೆಗಳಲ್ಲಿ ಕೈ ಕುದುರಿಸಿಕೊಳ್ಳೋಣವೆಂದುಕೊಂಡೆ. ಕೆಲವಕ್ಕೆ ಕಾಲು ಹೆಚ್ಚುಕಮ್ಮಿ, ಕೆಲವು ಕೂತರೆ ತೊಟ್ಟಿಲ ಹಾಗೆ ತೂಗುತ್ತಿದ್ದವು. ಬಿಸಾಡಲು ಮನಸ್ಸಾಗದೆ ಓಣಿಯ ಮನೆಮನೆಗೂ ಒಂದೊಂದು ಕೊಟ್ಟೆ. ಒಂದು ಕಾಲದಲ್ಲಿ ಇಂಜೆಕ್ಷನ್ ಕೊಟ್ಟವಳು ಈಗ ಮಣೆ ಕೊಟ್ಟರೆ ಬೇಡ ಅನ್ನುವ ಧೈರ್ಯ ಯಾರಿಗಿದೆ? ಎಲ್ಲರೂ ಎರಡೂ ಕೈಯಿಂದ ತೆಗೆದುಕೊಂಡರು.

ಎಲ್ಲಕ್ಕಿಂತ ವಾರೆಯಾದದ್ದು ಎದುರುಮನೆಯ ಅತ್ತಿಗೆಯ ಪಾಲಿಗೆ ಹೋಯಿತು. ಕೆಲವು ದಿನ ಬಿಟ್ಟು ಆಕೆ ಓಡೋಡಿ ಬಂದಳು. ದೂರಲಿಕ್ಕೇ ಬಂದಳೆಂದು ನಾನು ಮೊದಲೇ ಸಿಟ್ಟು ಮಾಡಿಕೊಂಡು ನಿಂತೆ.

"ಆ ಮಣೆ ಎಂತಾ ಚೊಲೋ ಇದ್ದು ಗೊತ್ತಿದ್ದ! ಅನ್ನದ ಪಾತ್ರೆ ಅದ್ರ ಮೇಲೆ ಇಟ್ರೆ ಸಾಕು, ಗಂಜಿ ತನ್ನಷ್ಟಕ್ಕೇ ಬಸಿದು ಹೋಗ್ತು. ಕೈ ಸುಟ್ಗಳದೇ ಇಲ್ಲೆ. ಎನ್ನ ತಂಗಿಗೂ ಒಂದು ಬೇಕಡ, ಅದೇ ಥರ ಮಾಡಿಕೊಡು."

ನನಗೆ ಹಿಗ್ಗೋ ಹಿಗ್ಗು. ಆ ದಿನವೇ ಕೂತೆ. ಮಾಡಿದೆ, ನೆಟ್ಟಗೆ ಬಂತು. ಇನ್ನೊಂದು ಮಾಡಿದೆ, ಅದೂ ನೆಟ್ಟಗೇ. ಮೂಲೆಮಟ್ಟ ಇಟ್ಟು ನೋಡಿದರೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಅಲ್ಲಿಗೆ ನನ್ನ ಕೈ ಪಳಗಿದೆ ಎಂದು ಖಾತ್ರಿಯಾಯಿತು. ಹಸೆಮಣೆಗೆ ಕೈ ಹಾಕಬಹುದೆಂಬ ಧೈರ್ಯ ನನಗೆ ಬಂದದ್ದು ಆ ದಿನ.

ಎದುರುಮನೆಗೆ ಹೋಗಿ ಹೇಳಿದೆ: "ಕ್ಷಮಿಸು ಅತ್ತಿಗೆ. ಅಂಥಾದ್ದು ಮಾಡುಲೆ ಈಗ ಎನಗೆ ಬತ್ತಿಲ್ಲೆ."

ಆಕೆ ಮುಖ ಸಣ್ಣ ಮಾಡಿ, "ಛೇ, ಪುಸ್ತಕ ಓದಿ ಇದ್ದ ವಿದ್ಯೆನೂ ಹಾಳು ಮಾಡ್ಕಂಡ್ಯಲೆ" ಎಂದಳು.

ಹೇರೂರಿನಲ್ಲಿ ಅಳತೆ

ನನ್ನ ದಪ್ಪ ಪುಸ್ತಕದಲ್ಲಿ ಕಾಫಿ ಟೇಬಲ್ಲಿದೆ, ಹಕ್ಕಿಗೂಡಿದೆ, ಮದ್ಯದ ಬಾಟಲಿ ಇಡುವ ಕಪಾಟೂ ಇದೆ. ಹಸೆಮಣೆ ಮಾತ್ರ ಇಲ್ಲ. ಕುರ್ಚಿಯ ಅಧ್ಯಾಯದಲ್ಲಿ, ಕೂರುವವರ ಅಳತೆ ತೆಗೆದುಕೊಂಡೇ ಮರ ಕೊಯ್ಯಬೇಕು ಎಂದಿತ್ತು. ಸರಿ, ಮದುಮಗಳು ನಮ್ಮದೇ ಕೂಸು, ಅವಳ ಅಳತೆ ಸಿಕ್ಕಿತು. ಮದುಮಗನ ಮನೆ ಸಿದ್ದಾಪುರದ ಹೇರೂರಿನಲ್ಲಿ. ಟೇಪು ಕೈಚೀಲಕ್ಕೆ ಹಾಕಿಕೊಂಡು ಹೊರಟೆ.

ಹೊರಡುವಾಗ ಅಕ್ಕ ಫೋನಿನಲ್ಲಿ ಆಣೆ ಹಾಕಿಸಿಕೊಂಡಿದ್ದಳು: "ಮಣೆ ಸುದ್ದಿ ಅಲ್ಲಿ ಎತ್ತಡ. ನಾಳೆ ಆಗದ್ದೆ ಹೋದ್ರೆ ಬೀಗರ ಎದುರು ಎನ್ನ ಮರ್ಯಾದೆ ಹೋಗ್ತು." ಹಾಗಾಗಿ ನಾನು, "ಒಂದು ಸಣ್ಣ ಅಳತೆ ಬೇಕಿತ್ತು" ಎಂದಷ್ಟೇ ಹೇಳಿದೆ. ಹುಡುಗನನ್ನು ಜಗಲಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂರಿಸಿ, ಈ ಮೊಣಕಾಲಿಂದ ಆ ಮೊಣಕಾಲಿಗೆ ಟೇಪು ಹಿಡಿದೆ. ಅವನು ಪಾಪ, ಕೆಂಪಗಾಗಿ ಛಾವಣಿ ನೋಡುತ್ತ ಕೂತ.

ಹುಡುಗನ ತಾಯಿಯ ಮುಖ ಅರಳಿತು. ಹೆಣ್ಣಿನ ಕಡೆಯವರು ಅಳತೆ ತೆಗೆಯಲು ಬಂದಿದ್ದಾರೆ ಎಂದರೆ ಉಡುಗೊರೆಯ ಬಟ್ಟೆ ಹೊಲಿಸಲಿಕ್ಕೇ ಇರಬೇಕು ಎಂದು ಅವರು ತಿಳಿದುಕೊಂಡರು. "ಎಲ್ಲಾರ್ದೂ ಒಂದೇ ಸಲ ಆಗಿ ಹೋಗ್ಲಿ" ಎಂದು ಒಳಗೆ ಕೂಗಿದ್ದೇ ತಡ, ಹುಡುಗನ ಅಪ್ಪ, ಚಿಕ್ಕಪ್ಪ, ಚಿಕ್ಕಮ್ಮ, ಅತ್ತೆ, ಮಾವ ಎಲ್ಲರೂ ಬಂದು ಊಟದ ಪಂಕ್ತಿಯ ಹಾಗೆ ಸಾಲಾಗಿ ಚಕ್ಕಳಮಕ್ಕಳ ಹಾಕಿ ಕೂತರು. ಬಾಯಿ ಬಿಟ್ಟು ಹೇಳುವ ಹಾಗಿಲ್ಲ, ಆಣೆ ಆಗಿದೆ. ಮರ್ಯಾದೆಗೆ ಒಬ್ಬೊಬ್ಬರ ಮೊಣಕಾಲೂ ಅಳೆಯುತ್ತ ಹೋದೆ. "ಪಂಚೆಗೆ ಕೂತ್ಗಂಡು ಅಳತೆ ಕೊಡದು ಹೊಸಾ ಫ್ಯಾಶನ್ನನ?" ಎಂದು ಚಿಕ್ಕಪ್ಪ ಕೇಳಿದರು. "ಹೌದು, ಈಗ ಎಲ್ಲ ಹಾಂಗೇಯ" ಎಂದೆ.

ಸಾಲಿನ ಕೊನೆಗೆ ಮನೆಯ ಅಜ್ಜಿ. ಹಲ್ಲಿಲ್ಲದ ಬಾಯಿ, ಚುರುಕು ಕಣ್ಣು. ನಾನು ಮೊಣಕಾಲಿಗೆ ಟೇಪು ಹಿಡಿಯುವುದನ್ನೇ ನೋಡುತ್ತ ಕೂತಿದ್ದು, ಎಲ್ಲರಿಗೂ ಕೇಳುವ ಹಾಗೆ ಕೇಳಿತು:

"ಅಲ್ದೆ ಕೂಸೆ, ರವಕೆಗೆ ಅಳತೆ ಅಲ್ಲಿ ಎಂತಕ್ಕೆ ತಗತ್ತೆ?"

ಕಟಗಿಯ ಎದೆಬಡಿತ

ಅಳತೆ ಸಿಕ್ಕಿತು, ಇನ್ನು ಮರ ಬೇಕು. ದಾಸನಕೊಪ್ಪದ ಕಡೆ ಒಬ್ಬರ ಹತ್ತಿರ, ಹಳೇ ಮನೆ ಬಿಚ್ಚಿದಾಗ ಸಿಕ್ಕ ಹಲಸಿನ ಹಲಗೆಗಳಿವೆ ಎಂದು ತಿಳಿಯಿತು. ಅಲ್ಲಿಗೆ ಹೋದರೆ ಮಾತಿನ ವರಸೆಯೇ ಬೇರೆ. "ಬರ್ರಿ ಅಕ್ಕಾರ, ಬರ್ರಿ. ಯಾವದು ಬೇಕೋ ನೋಡ್ಕೋರ್ರಿ. ಎಲ್ಲಾ ಕಬ್ಬಿಣ ಇದ್ದಂಗ ಅದಾವು" ಎಂದು ಹಲಗೆಯವನು ಸ್ವಾಗತಿಸಿದ.

ಮರ ಒಳಗೆ ಟೊಳ್ಳಾಗಿದೆಯೋ, ಹುಳು ಇದೆಯೋ ತಿಳಿಯಲು ಗೆಣ್ಣಿನಿಂದ ಬಡಿದು ಕಿವಿಗೊಟ್ಟು ಕೇಳಬೇಕು ಎಂದು ಪುಸ್ತಕದಲ್ಲಿತ್ತು. ಬರೀ ಕಿವಿ ಯಾಕೆ? ನಾನು ಕೈಚೀಲದಿಂದ ಸ್ಟೆತಾಸ್ಕೋಪು ತೆಗೆದು ಕಿವಿಗೆ ಹಾಕಿಕೊಂಡೆ. ಹಲಗೆಯನ್ನು ಮೇಜಿನ ಮೇಲೆ ಮಲಗಿಸಿ, ಅದರ ಎದೆಯ ಮೇಲೆ ಬಿಲ್ಲೆ ಇಟ್ಟು, ಬೆರಳಿನಿಂದ ಟಕ್ ಟಕ್ ಬಡಿಯುತ್ತ ಹೋದೆ. ಕೆಲಸದವರು ಕೆಲಸ ಬಿಟ್ಟರು. ರಸ್ತೆಯಲ್ಲಿ ಹೋಗುವವರು ಬೈಕು ನಿಲ್ಲಿಸಿದರು.

"ಏನ್ರಿ ಅಕ್ಕಾರ, ಕಟಗಿ ಉಸಿರಾಡತೈತೇನ್ರಿ?" ಎಂದು ಹಲಗೆಯವನು ಕೇಳಿದ. ಸುತ್ತ ನಿಂತವರೆಲ್ಲ ಗೊಳ್ಳೆಂದರು.

"ಗದ್ದಲ ಮಾಡಬೇಡಿ!" ಎಂದು ವಾರ್ಡಿನಲ್ಲಿ ಗದರುವ ಸ್ವರದಲ್ಲೇ ಗದರಿದೆ. ಗದ್ದಲ ನಿಂತಿತು. ಆ ಮೌನದಲ್ಲಿ ನನ್ನ ಕಿವಿಗೆ ಸ್ಪಷ್ಟವಾಗಿ ಕೇಳಿಸಿತು, ಹಲಗೆಯ ಒಳಗೆ ಕರ ಕರ ಕರ ಎಂದು ಯಾರೋ ಹಪ್ಪಳ ತಿಂದ ಹಾಗೆ. ಸ್ಟೆತಾಸ್ಕೋಪನ್ನು ಹಲಗೆಯವನ ಕಿವಿಗೆ ಹಾಕಿದೆ. ಅವನ ನಗು ಅರ್ಧಕ್ಕೇ ನಿಂತಿತು. ಉಳಿಯಿಂದ ಅಲ್ಲೇ ಒಂದು ಚೂರು ಎಬ್ಬಿಸಿದರೆ ಬೆರಳಿನ ಗಾತ್ರದ ಬಿಳಿ ಹುಳು, ನಮ್ಮನ್ನೇ ನೋಡುತ್ತ ಆರಾಮಾಗಿ ಮಲಗಿತ್ತು.

ಆಮೇಲೆ ಎಲ್ಲ ಹಲಗೆಗಳನ್ನೂ ಒಂದೊಂದಾಗಿ ಮಲಗಿಸಿ ತಪಾಸಣೆ ಮಾಡಿಸಿದ. ಕೊನೆಗೆ ಸಿಕ್ಕಿತು ನನಗೆ ಬೇಕಾದದ್ದು. ಹೊನ್ನಿನ ಬಣ್ಣ, ಒಂದು ಬಿರುಕಿಲ್ಲ, ಒಳಗೆ ಒಂದು ಸದ್ದಿಲ್ಲ. ಅದನ್ನು ಮುಟ್ಟಿದಾಗ ಅಕ್ಕನ ಮುಖ ನೆನಪಾಗಿ ನನ್ನ ಕಣ್ಣು ಒದ್ದೆಯಾಯಿತು. ಹಲಗೆಯವನೇ ಅದನ್ನು ಗಾಡಿಗೆ ಹೊರಿಸಿದ. ಹೊರಟವಳನ್ನು ತಡೆದು, ಅಂಗಿಯ ಗುಂಡಿ ಬಿಚ್ಚುತ್ತ ಮೆಲ್ಲಗೆ ಹೇಳಿದ:

"ಅಕ್ಕಾರ, ಹೆಂಗೂ ಬಂದೀರಿ, ನನ್ನ ಎದೀನೂ ಒಂದೀಟ ಬಡದು ನೋಡ್ರಿ. ಒಳಗ ಏನರ ತಿನ್ನಾಕತ್ತೈತೇನು."

ಭಾವನ ಪರೀಕ್ಷೆ

ಮಣೆ ಮಾಡುವಾಗ ನಗುವಂಥದ್ದೇನೂ ನಡೆಯಲಿಲ್ಲ. ಮೊಳೆ ಹೊಡೆದರೆ ಮುಂದೊಂದು ದಿನ ಸಡಿಲಾಗಿ ಕಿರ್ ಅನ್ನುತ್ತದೆ, ಅದಕ್ಕೇ ಒಂದೂ ಮೊಳೆ ಬಳಸಬಾರದು ಎಂದು ನಿಶ್ಚಯಿಸಿದ್ದೆ. ಹಲಗೆಯ ಅಡಿಯಲ್ಲಿ, ಒಳಗೆ ಅಗಲ ಬಾಯಿಗೆ ಕಿರಿದಾಗುವ ಹಾಗೆ ಅಡ್ಡಕ್ಕೆ ಕೊರೆದು, ಅದೇ ಆಕಾರದ ಪಟ್ಟಿಗಳನ್ನು ಪಕ್ಕದಿಂದ ಒಳಗೆ ಜಾರಿಸುವುದು. ಪುಸ್ತಕದ ಕಟ್ಟಕಡೆಯ, ಕಷ್ಟದ ಪಾಠ ಅದು. ಕೆತ್ತಿದೆ, ಹಾಕಿ ನೋಡಿದೆ, ತೆಗೆದೆ, ಮತ್ತೆ ಕೆತ್ತಿದೆ. ಯಜಮಾನರು ಪಕ್ಕದಲ್ಲಿ ಕೂತು ಓದಿದರು, ಗ್ರಂಥಕರ್ತನ ಸಂಗಡ ಒಂದು ಸಲವೂ ಜಗಳ ತೆಗೆಯಲಿಲ್ಲ. ಕೊಡತಿಯ ಕೊನೆಯ ಏಟಿಗೆ ಪಟ್ಟಿ ತನ್ನ ಜಾಗಕ್ಕೆ ಹೋಗಿ ಕೂತಾಗ ಅವರೇ ಎದ್ದು, ಕೇಳದೆಯೇ ಒಂದು ಕವಳ ಮಡಿಚಿ ನನ್ನ ಕೈಗಿಟ್ಟರು.

ಮದುವೆಯ ದಿನ ಬೆಳಿಗ್ಗೆ ಯಲ್ಲಾಪುರದ ಹಾಲ್ ಮುಂದೆ ಗಾಡಿಯಿಂದ ಇಳಿದೆವು. ಗೀರು ಬೀಳಬಾರದೆಂದು ಮಣೆಯನ್ನು ಬಿಳಿ ಬೆಡ್‌ಶೀಟಿನಲ್ಲಿ ಸುತ್ತಿದ್ದೆ. ನಾನೊಂದು ತುದಿ, ಯಜಮಾನರೊಂದು ತುದಿ ಹಿಡಿದು ಗಂಭೀರವಾಗಿ ಬರುತ್ತಿದ್ದರೆ ಬಾಗಿಲ ಕಾವಲುಗಾರ ಗಾಬರಿಯಿಂದ ಅಡ್ಡ ಬಂದು, "ಅಕ್ಕಾ, ಇದು ಮದುವೆ ಹಾಲು!" ಎಂದ.

ಮಂಟಪದ ಹಿಂದೆ ಕೆಂಪು ಸೋಫಾ ಮಹಾರಾಜನ ಹಾಗೆ ಕೂತಿತ್ತು. ನಾನು ಬಟ್ಟೆ ಬಿಚ್ಚಿ ಮಣೆಯನ್ನು ಇಟ್ಟೆ. ಹಲಸಿನ ಹೊಳಪಿಗೆ ಅಕ್ಕ ಕೈ ಬಾಯಿಯ ಮೇಲಿಟ್ಟುಕೊಂಡಳು. ಭಾವ ಮಾತ್ರ ಮಡಿ ಪಂಚೆ ಎತ್ತಿ ಕಟ್ಟಿ ಮುಂದೆ ಬಂದರು.

"ಸೋಫಾ ಒಳಗೆ ತಗಂಡು ಹೋಗಡಿ. ಬೇಕಾಗ್ತು" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ, ಮಣೆಯ ನಡುಮಧ್ಯೆ ಚಕ್ಕಳಮಕ್ಕಳ ಹಾಕಿ ಕೂತರು.

ಓಲಗದವರು ನಿಲ್ಲಿಸಿದರು. ಎರಡೂ ಕಡೆಯ ನೆಂಟರು ಸುತ್ತ ನಿಂತರು. ಭಾವ ಎಡಕ್ಕೆ ವಾಲಿದರು, ಶಬ್ದವಿಲ್ಲ. ಬಲ ತುದಿಗೆ ಜರುಗಿ ಕೂತರು, ಇಲ್ಲ. ಕೊನೆಗೆ ಕೂತಲ್ಲೇ ಕುಕ್ಕಿದರು. ಮಂಟಪದ ಬಾಳೆಕಂಬ ಅಲ್ಲಾಡಿತು, ಕಲಶದ ಮೇಲಿನ ತೆಂಗಿನಕಾಯಿ ಅಲ್ಲಾಡಿತು, ಮಣೆ ಮಾತ್ರ ತುಟಿ ಪಿಟಕ್ ಅನ್ನಲಿಲ್ಲ.

ಭಾವ ಸೋಲೊಪ್ಪದೆ ಇನ್ನೊಮ್ಮೆ ಕುಕ್ಕುವುದರೊಳಗೆ ಗಂಡಿನ ಕಡೆಯ ಹೆಂಗಸರ ನಡುವಿನಿಂದ ಒಂದು ನಡುಗುವ ಸ್ವರ ಎದ್ದಿತು. ಹೇರೂರಿನ ಅಜ್ಜಿ! ಸರಿಯಾದ ಜಾಗದಲ್ಲಿ ಅಳತೆ ತೆಗೆದು ನಾನೇ ಹೊಲಿಸಿಕೊಟ್ಟ ಹೊಸ ರವಿಕೆ ತೊಟ್ಟು, ಕಣ್ಣು ಮಿನುಗಿಸುತ್ತ ಆರತಿ ಹಾಡು ಶುರು ಮಾಡಿಬಿಟ್ಟಿತ್ತು.

"ಎಂತದೇ ಅಜ್ಜಿ, ಮದುಮಕ್ಕ ಇನ್ನೂ ಬಂದಿದ್ವಿಲ್ಲೆ" ಎಂದು ಯಾರೋ ಹೇಳಿದರು.

"ಬಪ್ಪುದು ಬರಲಿ. ಹಸೆ ಮೇಲೆ ಕೂತವ್ರು ಆರತಿ ಆಗದ್ದೆ ಏಳಲಾಗ. ಇವ್ಕೆ ಜೋಡಿ ಎಲ್ಲಿದ್ದು, ಕರಕಂಬನ್ನಿ!"

ಹೆಂಗಸರಿಗೆ ಇಷ್ಟು ಸಾಕಾಯಿತು. ಎರಡೂ ಕಡೆಯವರು ಒಂದಾದರು. ಆರತಿ ತಟ್ಟೆ ಬಂತು, ದೀಪ ಹತ್ತಿತು, ಅಕ್ಕನನ್ನು ಎಳೆದು ತಂದು ಭಾವನ ಪಕ್ಕಕ್ಕೆ ಕೂರಿಸಿದರು. ಏಳಲು ಹೋದ ಭಾವನ ಹೆಗಲನ್ನು ಇಬ್ಬರು ಚಿಕ್ಕಮ್ಮಂದಿರು ಒತ್ತಿ ಹಿಡಿದರು. ಎಲ್ಲ ಸೇರಿ ಹಾಡಿದರು, ಅಕ್ಷತೆ ಬಿತ್ತು, ಓಲಗದವರು ತಿಳಿಯದೆ ಗಟ್ಟಿಮೇಳವನ್ನೇ ಬಾರಿಸಿದರು. ಮಗಳ ಮದುವೆಗೆ ಮುಂಚೆ ಅಪ್ಪನ ಮದುವೆ ಮತ್ತೊಂದು ಸಲ ಆಗಿಹೋಯಿತು. ಅಕ್ಕ ಹೊಸ ಮದುಮಗಳ ಹಾಗೆ ತಲೆ ತಗ್ಗಿಸಿ ನಗುತ್ತಿದ್ದಳು. ಫೋನಿನಲ್ಲಿ ಅತ್ತವಳು ಇವಳೇನಾ ಅನ್ನಿಸಿತು. ಅವಳ ಆ ನಗು ನೋಡಿ ನನ್ನ ಶ್ರಮವೆಲ್ಲ ಸಾರ್ಥಕವಾಯಿತು.

"ಮುಹೂರ್ತ ಮೀರ್ತು, ಏಳಿ ಏಳಿ" ಎಂದು ಭಟ್ಟರು ಕೂಗಿದರು. ಅಕ್ಕ ಎದ್ದಳು. ಭಾವ ಏಳಲಿಲ್ಲ.

"ಭಾವ, ಮಣೆ ಗಟ್ಟಿ ಇದ್ದ ಇಲ್ಯ, ಹೇಳಿ" ಎಂದೆ.

"ಮಣೆ ಗಟ್ಟಿ ಇದ್ದು ಮಾರಾಯ್ತಿ" ಎಂದು ಭಾವ ಹಲ್ಲು ಕಚ್ಚಿಕೊಂಡು ಹೇಳಿದರು. "ಮೊಣಕಾಲು ಹಿಡ್ಕಂಜು. ಎಬ್ಬಿಸು."

ಇಂಥದ್ದಕ್ಕೆ ನನಗೆ ಪುಸ್ತಕ ಬೇಡ. ಯಜಮಾನರನ್ನು ಒಂದು ಪಕ್ಕಕ್ಕೆ ಹಾಕಿಕೊಂಡು, ಭಾವನ ಕಂಕುಳಿಗೆ ಕೈ ಕೊಟ್ಟು, "ಉಸಿರು ಬಿಡಿ, ಹಾಂ, ಈಗ!" ಎಂದು ಎತ್ತಿದೆ. ಎದ್ದರು, ಆದರೆ ಕಾಲು ನೆಟ್ಟಗೆ ಊರಲು ಆಗಲಿಲ್ಲ. ಧಾರೆಗೆ ನಿಲ್ಲುವ ಮೊದಲು ಸ್ವಲ್ಪ ಸುಧಾರಿಸಿಕೊಳ್ಳಲಿ ಎಂದು ಹಿಂದೆ ಕರೆದುಕೊಂಡು ಹೋದೆವು. ಈಚೆ ಹೆಂಗಸರು ಹಸೆಗೆ ಕರೆಯುವ ಹಾಡು ಎತ್ತಿಕೊಂಡರು. ನಮ್ಮನೆ ಕೂಸು ಗಂಡನಾಗುವವನ ಪಕ್ಕ, ನಾನು ಕೆತ್ತಿದ ಮಣೆಯ ಮೇಲೆ ಬಂದು ಕೂತಿತು. ಇಬ್ಬರಿಗೂ ಮೊಣಕಾಲು ತಾಗುವಷ್ಟೇ ಜಾಗ, ಹೆಚ್ಚಿಲ್ಲ, ಕಮ್ಮಿಯಿಲ್ಲ.

ಅದೇ ಹೊತ್ತಿಗೆ ಹಿಂದೆ ಭಾವ ಉಸ್ಸಪ್ಪಾ ಎಂದು ಕೆಂಪು ಸೋಫಾದ ಮೇಲೆ ಕೂತರು.

"ಕಿರ್ರ್" ಎಂದಿತು ಸೋಫಾ.

ಹಾಡು ನಿಂತಿತು. ಭಟ್ಟರ ಮಂತ್ರ ನಿಂತಿತು. ಇಡೀ ಹಾಲು ಹಿಂದೆ ತಿರುಗಿ ನೋಡಿತು. ಭಾವ ಅಲ್ಲಾಡದೆ ಉಸಿರು ಬಿಗಿಹಿಡಿದು ಕೂತಿದ್ದರು.

"ಹೆದರಡಿ ಭಾವ" ಎಂದೆ ನಾನು. "ಸೋಫಾ ರಿಪೇರಿಗೂ ಪುಸ್ತಕದಲ್ಲಿ ಒಂದು ಅಧ್ಯಾಯ ಇದ್ದು."